ಡಾಕ್ಟರಿಗೆ ಹೇಳದ ಹರಕೆ

ಇದು ಎರಡು ವರ್ಷದ ಹಿಂದಿನ ಮಾತು. ದೀಪಾವಳಿ ಮುಗಿದು ಇನ್ನೂ ವಾರ ಕಳೆದಿರಲಿಲ್ಲ. ಶಿರಸಿ ತಾಲ್ಲೂಕಿನ ಎಕ್ಕಂಬಿ ಹತ್ತಿರದ ನಮ್ಮ ಊರಿನಲ್ಲಿ ಹೆಂಗಸರೇ ನಡೆಸುವ ಹಾಲಿನ ಡೇರಿ ಇದೆ. ನಾನು ಅದರ ಕಾರ್ಯದರ್ಶಿ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದು, ಒಬ್ಬೊಬ್ಬರ ಹಾಲಿಗೂ ಡಿಗ್ರಿ ಕಡ್ಡಿ ಇಳಿಬಿಟ್ಟು, ನೀರು ಬೆರೆತಿದೆಯೋ ಇಲ್ಲವೋ ನೋಡಿ, ಕ್ಯಾನಿಗೆ ಸುರಿಸಿಕೊಳ್ಳುವುದು ನನ್ನ ಕೆಲಸ. ನನ್ನ ಬಾಯಿ ಜೋರು ಎಂದು ಊರಲ್ಲಿ ಹೆಸರಿದೆ. ನೀರು ಹಾಕಿದವರು ಯಾರೇ ಇರಲಿ, ಸ್ವಂತ ನಾದಿನಿಯೇ ಇರಲಿ, ಎಲ್ಲರ ಎದುರೇ ಹೇಳಿಬಿಡುತ್ತೇನೆ. ಅಂಥ ನಾನು ಒಂದು ಮಾತನ್ನು ಮಾತ್ರ ಆರು ವರ್ಷ ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ.

ಆ ಮಾತು ಏನೆಂದು ಮೊದಲೇ ಹೇಳಿಬಿಡುತ್ತೇನೆ. ನನಗೆ ಒಬ್ಬಳೇ ಮಗಳು, ರೇಖಾ. ಅವಳನ್ನು ಸಿದ್ದಾಪುರದ ಹತ್ತಿರ ಕೋಲಸಿರ್ಸಿಗೆ ಕೊಟ್ಟಿದ್ದೇವೆ. ಚೊಚ್ಚಲ ಬಸುರಿಯಾಗಿದ್ದಾಗ ಏಳನೇ ತಿಂಗಳಿಗೇ ಹೆರಿಗೆ ಆಯಿತು. ಹೆಣ್ಣು ಮಗು. ನನ್ನ ಅಂಗೈಯಿಂದ ಮೊಣಕೈವರೆಗೂ ಇರಲಿಲ್ಲ ಅದರ ಉದ್ದ. ಆಸ್ಪತ್ರೆಯವರು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ, ಏನೂ ಹೇಳುವ ಹಾಗಿಲ್ಲ ಎಂದರು. ನಾನು ಊರಿಗೆ ಬಂದವಳೇ ನಮ್ಮ ಬಸವಣ್ಣನ ಗುಡಿಗೆ ಹೋದೆ. "ಈ ಕೂಸು ಉಳಿದರ ನಾ ಹಾಲು ಬಿಡ್ತೀನಪ್ಪಾ. ಮೊಸರು, ಮಜ್ಜಿಗಿ, ಬೆಣ್ಣಿ, ತುಪ್ಪ, ಹಾಲಿಂದ ಆಗಿದ್ದು ಯಾವುದೂ ಜೀವ ಇರೋತನಕ ಬಾಯಿಗೆ ಹಾಕಾಂಗಿಲ್ಲ" ಎಂದು ಹೇಳಿಕೊಂಡೆ.

ಹಾಲನ್ನೇ ಯಾಕೆ ಬಿಟ್ಟೆ ಎಂದರೆ, ನನಗೆ ಲೋಕದಲ್ಲಿ ಅದಕ್ಕಿಂತ ಪ್ರೀತಿಯದು ಬೇರೆ ಇರಲಿಲ್ಲ. ಎಮ್ಮೆಯ ಗಟ್ಟಿ ಮೊಸರು ಒಂದಿದ್ದರೆ ನನಗೆ ಪಲ್ಯವೂ ಬೇಡ. ಬೇಡವಾದದ್ದನ್ನು ದೇವರಿಗೆ ಕೊಡುವುದು ಎಂಥ ಭಕ್ತಿ? ನಮ್ಮ ಕಡೆ ಹೀಗೆ ಇಷ್ಟದ ಪದಾರ್ಥ ಬಿಡುವುದು ಹೊಸದೂ ಅಲ್ಲ. ನಮ್ಮ ಅತ್ತೆ ಬದನೆಕಾಯಿ ಬಿಟ್ಟಿದ್ದರು. ಬಿಟ್ಟದ್ದನ್ನು ಬಾಯಿಬಿಟ್ಟು ಹೇಳಿಕೊಂಡು ತಿರುಗಿದರೆ ಫಲ ಹೋಗುತ್ತದೆ ಎಂದು ನನಗೆ ಕಲಿಸಿದವರೂ ಅವರೇ. ಅವರು ಯಾವುದಕ್ಕಾಗಿ ಬಿಟ್ಟಿದ್ದರೋ ಸಾಯುವತನಕ ಹೇಳಲಿಲ್ಲ.

ಕೂಸು ಉಳಿಯಿತು. ನಲವತ್ತು ದಿನಕ್ಕೆ ಮನೆಗೆ ಬಂತು, ವರ್ಷ ತುಂಬುವುದರೊಳಗೆ ಹಜಾರದ ತುಂಬ ಅಂಬೆಗಾಲಿಟ್ಟಿತು. ಚಿನ್ನು ಎಂದು ಕರೆಯುತ್ತೇವೆ. ನಾನು ಮಾತಿಗೆ ತಪ್ಪಲಿಲ್ಲ.

ಮುಚ್ಚಿಡುವುದು ಎಷ್ಟು ಸುಲಭ ಎಂದು ಆಗ ಗೊತ್ತಾಯಿತು. ಮೈದುನನ ಸಂಸಾರ ಸೇರಿ ಮನೆಯಲ್ಲಿ ಒಂಬತ್ತು ಜನ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳ ತಾಟಿನಲ್ಲಿ ಏನಿದೆ, ಏನಿಲ್ಲ ಎಂದು ಯಾರು ಬಗ್ಗಿ ನೋಡುತ್ತಾರೆ? ರೊಟ್ಟಿ, ಪಲ್ಯ, ಅನ್ನ, ಸಾರು, ಮುಗಿಯಿತು. ಹಾಲು ಹಾಕಿದ ಚಹಾ ಕುಡಿದರೆ ಗ್ಯಾಸ್ ಆಗುತ್ತದೆ ಎಂದು ಕರಿ ಚಹಾಕ್ಕೆ ಬಂದೆ. ಮದುವೆ ಮನೆಯಲ್ಲಿ ಪೇಡೆ ಕೊಟ್ಟರೆ ಸೆರಗಿಗೆ ಕಟ್ಟಿಕೊಂಡು ಬರುತ್ತಿದ್ದೆ. ದಿನಾ ಕ್ಯಾನುಗಟ್ಟಲೆ ಹಾಲಿನ ನಡುವೆ ನಿಂತವಳು ಹಾಲು ಮುಟ್ಟುವುದಿಲ್ಲ ಎಂಬ ಅನುಮಾನ ಯಾರಿಗೂ ಬರಲಿಲ್ಲ.

ಐದನೇ ವರ್ಷದಿಂದ ಸುಸ್ತು ಶುರುವಾಯಿತು. ಏರು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಅಂಗಾಲಿನಲ್ಲಿ ಇರುವೆ ಹರಿದ ಹಾಗೆ ಜುಮುಜುಮು. ನಾಲಿಗೆ ಉರಿ, ಖಾರ ತಿನ್ನಲಾಗದು. ರಕ್ತ ಕಡಿಮೆ ಇರಬೇಕೆಂದು ಔಷಧದ ಅಂಗಡಿಯಿಂದ ಕಬ್ಬಿಣದ ಮಾತ್ರೆ ತಂದು ನುಂಗಿದೆ, ಟಾನಿಕ್ ಕುಡಿದೆ, ಬೀಟ್‌ರೂಟು ತಿಂದೆ. ಏನೂ ಹತ್ತಲಿಲ್ಲ. ಒಂದು ದಿನ ಡೇರಿಯ ಮೆಟ್ಟಿಲು ಹತ್ತುತ್ತಿದ್ದಾಗ ಹೆಂಗಸರೆಲ್ಲ ನಗತೊಡಗಿದರು. "ಅಕ್ಕಾರು ಇವತ್ತ ಒಂದ ಚಪ್ಪಲಿ ಮೆಟ್ಟಿಕೊಂಡು ಬಂದಾರ ನೋಡ್ರಿ!" ನೋಡಿದರೆ ಹೌದು. ಇನ್ನೊಂದು ದಾರಿಯಲ್ಲೇ ಕಳಚಿ ಬಿದ್ದಿತ್ತು, ನನ್ನ ಕಾಲಿಗೆ ಅದು ಗೊತ್ತೇ ಆಗಿರಲಿಲ್ಲ. ನಾನೂ ಎಲ್ಲರ ಜೊತೆ ನಕ್ಕೆ. ಆದರೆ ಒಳಗೆ ಅಳುಕಾಯಿತು.

ದೀಪಾವಳಿ ಮುಗಿದ ಆ ವಾರ, ಕ್ಯಾನು ಎತ್ತಿಕೊಡಲು ಹೋಗಿ ಕಣ್ಣು ಕತ್ತಲಿಟ್ಟು ಅಲ್ಲೇ ಕುಸಿದೆ. ತೋಳಿಗೆ ಅಷ್ಟೇನೂ ಪೆಟ್ಟಾಗಿರಲಿಲ್ಲ, ಆದರೂ ಸಂಜೆಯ ಹೊತ್ತಿಗೆ ನೇರಳೆ ಹಣ್ಣು ಜಜ್ಜಿದ ಹಾಗೆ ಕಪ್ಪುಗಟ್ಟಿತು. ಮರುದಿನವೇ ಯಜಮಾನರು ಶಿರಸಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿದ್ದವರು ಲೇಡಿ ಡಾಕ್ಟರು, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ರಕ್ತದ ರಿಪೋರ್ಟು ನೋಡಿದವರು ಕುರ್ಚಿ ಹತ್ತಿರ ಎಳೆದುಕೊಂಡರು.

"ಅಮ್ಮಾ, ನಿಮಗೆ ಬರೀ ರಕ್ತ ಕಡಿಮೆ ಅಂತ ಅಲ್ಲ. ಕೆಂಪು ಕಣ, ಬಿಳಿ ಕಣ, ಗಾಯ ಆದಾಗ ರಕ್ತ ನಿಲ್ಲಿಸೋ ಪ್ಲೇಟ್‌ಲೆಟ್, ಮೂರೂ ಇಳಿದಿವೆ. ಈ ಮೂರೂ ಹುಟ್ಟೋದು ಎಲುಬಿನ ಒಳಗಿರೋ ಮಜ್ಜೆಯಲ್ಲಿ. ಅಲ್ಲೇ ಏನೋ ಕೆಟ್ಟಿದೆಯಾ ಅಂತ ನೋಡಬೇಕು" ಎಂದರು. ಹೊಲಕ್ಕೆ ಔಷಧ ಹೊಡೆಯುತ್ತೀರಾ, ನೋವಿನ ಮಾತ್ರೆ ಎಷ್ಟು ನುಂಗುತ್ತೀರಾ, ಹಿಂದೆ ಕಾಮಾಲೆ ಆಗಿತ್ತಾ ಎಂದು ಒಂದೊಂದೇ ಕೇಳುತ್ತಾ ಹೋದರು. ಎಲ್ಲದಕ್ಕೂ ಇಲ್ಲ ಇಲ್ಲ ಎಂದೆ.

"ಊಟ ಹೇಗೆ? ಮಾಂಸ, ಮೊಟ್ಟೆ?"

"ನಾವು ಅದನ್ನ ಮುಟ್ಟಾಂಗಿಲ್ರೀ."

"ಹಾಲು, ಮೊಸರು?"

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ನಕ್ಕುಬಿಟ್ಟರು. "ಊರ ಡೇರಿನ ಇಕಿ ಕೈಯಾಗ ಐತ್ರೀ ಮೇಡಂ. ಮನ್ಯಾಗ ನಾಕು ಎಮ್ಮಿ ಅದಾವು. ಹಾಲು ಮೊಸರಿಗೇನೂ ಕೊರತಿ ಇಲ್ರೀ."

ಡಾಕ್ಟರು ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಬೇರೆಯವರ ಹಾಲಿನಲ್ಲಿ ಒಂದು ಲೋಟ ನೀರು ಬೆರೆತರೂ ಕಂಡುಹಿಡಿಯುವ ನಾನು, ನನ್ನ ಜೀವದ ಪ್ರಶ್ನೆ ಬಂದಾಗ ಹಾಗೆ ತಲೆಯಾಡಿಸಿದೆ. ಚೀಟಿಯಲ್ಲಿ ಏನೋ ಬರೆಯಲು ಹೋದ ಡಾಕ್ಟರು ಅದನ್ನು ಬಿಟ್ಟು ಮುಂದಿನ ಸಾಲಿಗೆ ಹೋದರು. ಒಂದು ಬಾಟಲಿ ರಕ್ತ ಹಾಕಿಸಿ, ನಾಲ್ಕು ದಿನ ಇಲ್ಲೇ ಇಟ್ಟುಕೊಂಡು, ಸೋಮವಾರ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕಳಿಸುವುದು, ಅಲ್ಲಿ ಸೊಂಟದ ಎಲುಬಿಗೆ ಸೂಜಿ ಹಾಕಿ ಮಜ್ಜೆ ತೆಗೆದು ಪರೀಕ್ಷೆ ಮಾಡುವುದು ಎಂದಾಯಿತು.

ಯಜಮಾನರು ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿ ಮಜ್ಜೆಯ ಕಾಯಿಲೆ ಎಂದರೆ ಏನೇನು ಎಂದು ಕೇಳಿಕೊಂಡು ಬಂದರು. ಬಂದವರ ಮುಖ ನೋಡಿಯೇ ನನಗೆ ತಿಳಿಯಿತು. ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ, ಆ ಮನುಷ್ಯ ಅತ್ತಿದ್ದನ್ನು ನೋಡಿರಲಿಲ್ಲ. ಅವತ್ತು ನನ್ನ ಹೊದಿಕೆಯ ಅಂಚನ್ನು ಸರಿಮಾಡುವ ನೆಪದಲ್ಲಿ ಕಣ್ಣು ಒರೆಸಿಕೊಂಡರು. ನನಗೆ ಸಾವಿನ ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ತುಂಬ ಹೆದರಿದ್ದೆ. ಆದರೂ ಹರಕೆಗೂ ಈ ಕಾಯಿಲೆಗೂ ಸಂಬಂಧ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಆಸ್ಪತ್ರೆಯಲ್ಲಿ ಬೆಳಿಗ್ಗೆ ಸಂಜೆ ಒಂದೊಂದು ಲೋಟ ಸಕ್ಕರೆ ಹಾಕಿದ ಹಾಲು ಕೊಡುತ್ತಿದ್ದರು. ಪಕ್ಕದ ಮಂಚದಲ್ಲಿ ಯಲ್ಲಾಪುರ ಕಡೆಯ ಒಬ್ಬರು ಅಜ್ಜಿ ಇದ್ದರು. ಅವರಿಗೆ ಸಪ್ಪೆ ಗಂಜಿ. ಪಾಪ ಎನ್ನಿಸಿ ನನ್ನ ಹಾಲನ್ನು ಅವರಿಗೆ ದಾಟಿಸುತ್ತಿದ್ದೆ. ಅಜ್ಜಿಯೂ ಎರಡು ಮಾತಾಡದೆ ಗಟಗಟ ಕುಡಿದು ಲೋಟ ತೊಳೆದು ಕೊಡುತ್ತಿದ್ದರು. ಒಳ್ಳೆಯ ಒಪ್ಪಂದ ಎಂದುಕೊಂಡಿದ್ದೆ.

ಮೂರನೆಯ ದಿನ ಬೆಳಿಗ್ಗೆ ನರ್ಸ್ ಬಂದು ನನ್ನ ಮಂಚದ ಪಕ್ಕ ಕೈ ಕಟ್ಟಿ ನಿಂತರು. ಶಾರದಾ ಎಂದು ಹೆಸರು, ಸಿದ್ದಾಪುರ ಸೀಮೆಯ ದೊಡ್ಮನೆಯವರು. "ಅಕ್ಕಾ, ಈ ಅಜ್ಜಿಗೆ ಸಕ್ಕರೆ ಕಾಯಿಲೆ. ಎಷ್ಟು ಇಂಜೆಕ್ಷನ್ ಕೊಟ್ರೂ ಸಕ್ಕರೆ ಇಳಿಯೂದೇ ಇಲ್ಲ, ಎಂತಕ್ಕೆ ಅಂತ ನಮಗೆಲ್ಲ ತಲೆ ಕೆಟ್ಟು ಹೋಗಿತ್ತು. ಇವತ್ತು ಬಾಗಿಲ ಸಂದಿಲಿ ನಿಂತು ನೋಡ್ದೆ" ಎಂದರು.

ಅಜ್ಜಿ ಥಟ್ಟನೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ನನಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. "ತಪ್ಪಾತವ್ವಾ, ನನಗ ಗೊತ್ತಿದ್ದಿಲ್ಲ" ಎಂದೆ.

"ಅದು ಇರ್ಲಿ. ನೀವು ಎಂತಕ್ಕೆ ಕುಡಿಯೂದಿಲ್ಲ? ಡಾಕ್ಟರ ಹತ್ರ ಹಾಲು, ಮೊಸರು ಎಲ್ಲ ಉಂಟು ಅಂದ್ರಲ್ಲ?"

"ನಾ ಎಲ್ಲಿ ಹೇಳೀನಿ? ತಲಿ ಆಡಿಸೀನಿ ಅಷ್ಟ."

ಶಾರದಾ ನಗಲಿಲ್ಲ. ನಾಲಿಗೆ ತೋರಿಸಿ ಎಂದರು, ತೋರಿಸಿದೆ. ಮೆಲ್ಲಗೆ ಮಂಚದ ಅಂಚಿಗೆ ಕುಳಿತು ಕೇಳಿದರು, "ಹಾಲು ಬಿಟ್ಟು ಎಷ್ಟು ವರ್ಷ ಆಯ್ತು?"

ಹಾಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಆರು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ನನಗೆ ಎಲ್ಲಿತ್ತೋ ಅಳು, ಒತ್ತಿಕೊಂಡು ಬಂತು. ಗಾಜಿನ ಪೆಟ್ಟಿಗೆ, ಬಸವಣ್ಣನ ಗುಡಿ, ಎಲ್ಲ ಹೇಳಿಬಿಟ್ಟೆ. ಹೇಳಿ ಮುಗಿಸಿದ ಮರುಕ್ಷಣವೇ ಅತ್ತೆಯ ಮಾತು ನೆನಪಾಯಿತು. ಬಾಯಿಬಿಟ್ಟೆನಲ್ಲ! ದಿಂಬಿನಡಿಯ ಫೋನ್ ಎಳೆದು ಮಗಳಿಗೆ ಹಚ್ಚಿದೆ.

"ಚಿನ್ನು ಎಲ್ಲಿದಾಳ?"

"ಸಾಲಿಗೆ ಹೋಗ್ಯಾಳ. ಯಾಕಬೇ?"

"ಜ್ವರ ಗಿರ ಏನಿಲ್ಲಲ್ಲ? ಬಿದ್ದು ಗಿದ್ದು ಏನರ..."

"ಏನಾಗೈತಿ ನಿನಗ? ಆಸ್ಪತ್ರ್ಯಾಗ ಇರಾಕಿ ನೀನು, ಆಕಿ ಅಲ್ಲ."

ನಾನು ಫೋನ್ ಇಡುವವರೆಗೂ ಶಾರದಾ ಅಲ್ಲೇ ಇದ್ದರು. "ನಾ ಡಾಕ್ಟರಿಗೆ ಹೇಳೂದಿಲ್ಲ. ಅದು ನಿಮ್ಮ ದೇವರ ಹತ್ರ ಆಡಿದ ಮಾತು, ನೀವೇ ಹೇಳ್ಬೇಕು. ಆದ್ರೆ ಸೋಮವಾರದೊಳಗೆ ಹೇಳಿ ಅಕ್ಕಾ. ಸುಮ್ಮನೆ ಎಲುಬಿಗೆ ಸೂಜಿ ಚುಚ್ಚಿಸ್ಕೊಳ್ಳೂದು ಬೇಡ" ಎಂದು ಎದ್ದು ಹೋದರು.

ಮಧ್ಯಾಹ್ನದವರೆಗೆ ನಾನು ಲೆಕ್ಕವಿಲ್ಲದಷ್ಟು ಸಲ ಯೋಚನೆ ಮಾಡಿದೆ. ಒಂದು ಕಡೆ ಹೊದಿಕೆಯ ಅಂಚು ಹಿಡಿದು ಕೂತ ಗಂಡ, ಇನ್ನೊಂದು ಕಡೆ ಶಾಲೆಗೆ ಹೋದ ಕೂಸು. ನನ್ನ ಜೀವ ಉಳಿಸಿಕೊಳ್ಳಲು ಹೋಗಿ ಅದರ ಜೀವಕ್ಕೆ ಏನಾದರೂ ಆದರೆ? ಓದಿದವರಿಗೆ ಇದು ಹುಚ್ಚು ಎನ್ನಿಸಬಹುದು. ಗಾಜಿನ ಪೆಟ್ಟಿಗೆಯಲ್ಲಿ ಉಸಿರಿಗೆ ಒದ್ದಾಡುವ ಕೂಸನ್ನು ನೋಡಿದವರು ಹಾಗೆ ಅನ್ನಲಾರರು. ಆದರೆ ಅಷ್ಟು ಹೊತ್ತಿಗೆ ಶಾರದಾಗೆ ಹೇಳಿಯಾಗಿತ್ತು. ಒಬ್ಬರಿಗೆ ಹೇಳಿದ ಮೇಲೆ ಇಬ್ಬರಿಗೆ ಹೇಳಿದರೂ ಅಷ್ಟೇ ಎಂದು ಧೈರ್ಯ ಮಾಡಿದೆ.

ಡಾಕ್ಟರು ಬಂದಾಗ ಯಜಮಾನರೂ ಅಲ್ಲೇ ಇದ್ದರು. "ಮೇಡಂ, ಅವತ್ತ ನಾ ತಲಿ ಆಡಿಸಿದ್ದು ಸುಳ್ಳು" ಎಂದು ಶುರುಮಾಡಿದೆ. ಹರಕೆ, ಕಾಲಿನ ಜುಮುಜುಮು, ದಾರಿಯಲ್ಲಿ ಕಳಚಿದ ಚಪ್ಪಲಿ, ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಯಜಮಾನರು ಕಿಟಕಿ ಕಡೆ ಮುಖ ಮಾಡಿದ್ದರು. ಡಾಕ್ಟರು ಬೈಯುತ್ತಾರೆ ಎಂದು ಕಾದೆ. ಅವರು ಪೆನ್ನು ಕೆಳಗಿಟ್ಟು ಉಸಿರು ಬಿಟ್ಟರು.

"ನಾನೂ ಅವತ್ತೇ ಆ ಟೆಸ್ಟು ಬರೆಯಬೇಕಿತ್ತಮ್ಮ. ಡೇರಿ ಅಂದ ಕೂಡಲೇ ಬಿಟ್ಟುಬಿಟ್ಟೆ, ನಂದೂ ತಪ್ಪೇ" ಎಂದರು. ಆಮೇಲೆ ಕೇಳಿದರು, "ಜೋಳದ ರೊಟ್ಟಿ ಮಾಡ್ತೀರಲ್ಲ? ಹಿಟ್ಟಿಗೆ ಬಿಸಿನೀರು ಹಾಕದೆ ತಟ್ಟಿದ್ರೆ ಏನಾಗುತ್ತೆ?"

"ಒಡೀತದರೀ. ಹಂಚಿಗೆ ಹಾಕೂದರಾಗ ಹರಿದು ಹೋಗ್ತದ."

"ನಿಮ್ಮ ಮಜ್ಜೆಯಲ್ಲೂ ಅದೇ ಆಗಿರಬಹುದು. ಹಿಟ್ಟಿದೆ, ಒಲೆ ಇದೆ, ಬಿಸಿನೀರಿಲ್ಲ. ಆ ಬಿಸಿನೀರಿಗೆ ಬಿ ಹನ್ನೆರಡು ಅಂತ ಹೆಸರು. ಅದೊಂದು ಜೀವಸತ್ವ. ಅದಿಲ್ಲದಿದ್ರೆ ಕಣಗಳು ದೊಡ್ಡದೊಡ್ಡದಾಗಿ ಹುಟ್ಟಿ, ಹೊರಗೆ ಬರೋ ಮೊದಲೇ ಒಡೆದುಹೋಗ್ತವೆ. ಕಾಲಿನ ನರಕ್ಕೂ ಅದು ಬೇಕು. ಚಪ್ಪಲಿ ಬಿದ್ದದ್ದು ಗೊತ್ತಾಗದೇ ಇದ್ದದ್ದು ಅದಕ್ಕೇ. ಎಷ್ಟು ಸೊಪ್ಪು, ಕಾಳು, ಬೀಟ್‌ರೂಟ್ ತಿಂದ್ರೂ ಅದು ಸಿಗಲ್ಲ. ಸಸ್ಯಾಹಾರಿಗಳಿಗೆ ಹಾಲು ಮೊಸರೇ ಗತಿ. ನೀವು ಅದನ್ನೂ ಬಿಟ್ಟಿದ್ರಿ. ಮೈಯಲ್ಲಿ ಕೂಡಿಟ್ಟದ್ದು ನಾಲ್ಕೈದು ವರ್ಷ ಬಂತು, ಆಮೇಲೆ ಖಾಲಿ."

ಮತ್ತೆ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಮರುದಿನ ಬಂದ ರಿಪೋರ್ಟಿನಲ್ಲಿ ಆ ಬಿ ಹನ್ನೆರಡು ಇತ್ತು ಎನ್ನಲೂ ಆಗದಷ್ಟು ಕಡಿಮೆ ಇತ್ತು. ಆದರೂ ಮಜ್ಜೆಯಲ್ಲಿ ಬೇರೇನೂ ಇಲ್ಲ ಎಂದು ಈಗಲೇ ಹೇಳಲಾಗದು, ಇಂಜೆಕ್ಷನ್ ಕೊಟ್ಟು ಒಂದು ವಾರ ನೋಡೋಣ, ರಕ್ತ ಏರದಿದ್ದರೆ ಹುಬ್ಬಳ್ಳಿಗೆ ಹೋಗಲೇಬೇಕು ಎಂದರು. ನಾನು ಹಿಂಜರಿದು, "ಆ ಇಂಜೆಕ್ಷನ್ನಿನಾಗ ಹಾಲು ಇರತೈತೇನ್ರೀ?" ಎಂದು ಕೇಳಿದೆ. ಶಾರದಾ ಸಿರಿಂಜು ಹಿಡಿದುಕೊಂಡೇ ನಕ್ಕರು. ಡಾಕ್ಟರು ನಗಲಿಲ್ಲ. "ಒಂದು ತೊಟ್ಟೂ ಇಲ್ಲ. ಹರಕೆ ನೀವು ನೋಡಿಕೊಳ್ಳಿ, ರಕ್ತ ನಾನು ನೋಡಿಕೊಳ್ತೀನಿ" ಎಂದರು. ಆ ಮಾತಿಗೆ ನಾನು ಇವತ್ತಿಗೂ ಅವರಿಗೆ ಕೈಮುಗಿಯುತ್ತೇನೆ. ದೇವರ ಮೇಲೆ ಜಗಳಕ್ಕೆ ಹೋಗಿದ್ದರೆ ನಾನು ಎದ್ದು ಮನೆಗೆ ಬಂದುಬಿಡುತ್ತಿದ್ದೆ.

ಇಂಜೆಕ್ಷನ್ ಶುರುವಾದ ನಾಲ್ಕನೇ ದಿನಕ್ಕೆ ನಾಲಿಗೆಯ ಉರಿ ಇಳಿಯಿತು. ಹಸಿವಾಯಿತು. ಎಂಟನೇ ದಿನ ರಕ್ತ ನೋಡಿದ ಡಾಕ್ಟರು ರಿಪೋರ್ಟನ್ನು ಯಜಮಾನರ ಕೈಗೇ ಕೊಟ್ಟು, "ಹೊಸ ಕಣಗಳು ದಂಡು ದಂಡಾಗಿ ಬರ್ತಿವೆ. ಮಜ್ಜೆ ಗಟ್ಟಿಯಾಗಿದೆ, ಹುಬ್ಬಳ್ಳಿ ಬೇಡ" ಎಂದರು. ಯಜಮಾನರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೂ ಆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. ಊರಿಗೆ ಬರುವಾಗ ಬಸ್ಸಿನಲ್ಲಿ ಒಂದೇ ಮಾತಾಡಿದರು. "ನನಗರ ಹೇಳಬಾರದಾಗಿತ್ತೇನ?"

ಮರುದಿನ ಮಗಳು ಬಂದಳು, ಚಿನ್ನುವನ್ನು ಕರೆದುಕೊಂಡು. ರೇಖಾ ಆಗ ಎರಡನೇ ಸಲ ಬಸುರಿ, ಐದು ತಿಂಗಳು. ಅಪ್ಪನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಅಪ್ಪಿಕೊಂಡು ಅಳುತ್ತಾಳೆ, ಅವ್ವ ಎಂಥವಳು ಎಂದು ಹೊಗಳುತ್ತಾಳೆ ಎಂದು ನನಗೆ ಒಳಗೊಳಗೇ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ? ಅವಳು ಮಗುವನ್ನು ಹಿತ್ತಲಿಗೆ ಆಡಲು ಕಳಿಸಿ ನನ್ನ ಎದುರು ಕುಳಿತಳು.

"ಅವ್ವಾ, ನೀ ಸತ್ತಿದ್ದರ ಏನಾಗ್ತಿತ್ತು?"

"ಬಿಡಬೇ. ಉಳಿದೀನಲ್ಲ."

"ಇವತ್ತಲ್ಲ ನಾಳೆ ಯಾರರ ಆಕಿಗೆ ಹೇಳ್ತಿದ್ದರು, ನಿನ್ನ ಸಂಬಂಧ ನಿಮ್ಮಜ್ಜಿ ಸತ್ಲು ಅಂತ. ಆ ಕೂಸು ಅದನ್ನ ಹೊತ್ತುಕೊಂಡು ಹೆಂಗ ಬದುಕಬೇಕು? ಆಕಿನ್ನ ಉಳಿಸಿದಿ ಅಂದ್ಕೊಂಡಿಯೇನು ನೀನು?"

ಆರು ವರ್ಷದಲ್ಲಿ ಎಷ್ಟೋ ಯೋಚಿಸಿದ್ದೆ, ಇದೊಂದನ್ನು ಯೋಚಿಸಿರಲಿಲ್ಲ. ಮೆಲ್ಲಗೆ, "ಡಾಕ್ಟರು ಇಂಜೆಕ್ಷನ್ ಕೊಡ್ತಾರ. ಹರಕಿ ಹಂಗ ಇರಲಿ" ಎಂದೆ.

"ಇರಲಿ. ಇವತ್ತಿಂದ ನಾನೂ ಹಾಲು ಬಿಟ್ಟೆ. ನೀ ಕುಡಿಯೂತನಕ ನಾ ಮುಟ್ಟಂಗಿಲ್ಲ."

"ಹುಚ್ಚೀ, ಹೊಟ್ಟ್ಯಾಗ ಕೂಸು ಐತಿ ನಿನಗ!"

"ನಿನ್ನ ಮಗಳ ನಾನು" ಎಂದಳು. ಅಷ್ಟೇ. ರಾತ್ರಿ ಊಟಕ್ಕೆ ಮೊಸರಿನ ಬೋಗುಣಿಯನ್ನು ಆಚೆ ಸರಿಸಿದಳು. ಬೆಳಿಗ್ಗೆ ಕರಿ ಚಹಾ ಕೇಳಿದಳು. ಅವಳ ಹಟ ಎಲ್ಲಿಂದ ಬಂದದ್ದು ಎಂದು ಬೇರೆಯವರನ್ನು ಕೇಳಬೇಕಾಗಿರಲಿಲ್ಲ.

ಮೂರನೇ ದಿನ ನಾನು ಸೋತೆ. ಸ್ನಾನ ಮಾಡಿ ಗುಡಿಗೆ ಹೋಗಿ ಬಸವಣ್ಣನ ಮುಂದೆ ನಿಂತೆ. "ನೋಡಿದಿಯಲ್ಲಪ್ಪಾ ನನ್ನ ಮಗಳ ಹಟ. ನಾ ಕೊಟ್ಟ ಮಾತು ನಾನ ಮುರೀತೀನಿ. ಸಿಟ್ಟು ಬಂದರ ನನ್ನ ಮ್ಯಾಲಷ್ಟ ಇರಲಿ, ಕೂಸಿನ ಮ್ಯಾಲ ಬ್ಯಾಡ" ಎಂದೆ. ಅಲ್ಲಿ ಬಹಳ ಹೊತ್ತು ಕುಳಿತಿದ್ದೆ. ಗಂಟೆ ಮೊಳಗಲಿಲ್ಲ, ಹೂವು ಬೀಳಲಿಲ್ಲ, ಏನೂ ಆಗಲಿಲ್ಲ. ಬಸವಣ್ಣ ಎಂದಿನ ಹಾಗೆ ಕಾಲು ಮಡಚಿ ಕುಳಿತಿದ್ದ. ಮನಸ್ಸು ಮಾತ್ರ ಹಗುರಾಗಿತ್ತು. ಮನೆಗೆ ಬಂದು ಮಗಳ ಎದುರೇ ಒಂದು ಬಟ್ಟಲು ಮೊಸರು ಹಾಕಿಕೊಂಡು, ಅನ್ನವನ್ನೂ ಕಲೆಸದೆ, ಉಪ್ಪನ್ನೂ ಹಾಕದೆ ತಿಂದೆ. ಅದರ ರುಚಿಯನ್ನು ನಾನು ಇಲ್ಲಿ ಬರೆಯಲು ಹೋಗುವುದಿಲ್ಲ. ಎರಡನೇ ಬಟ್ಟಲನ್ನು ಮಗಳೇ ಹಾಕಿದಳು, ತನಗೂ ಹಾಕಿಕೊಂಡಳು.

ಈಗ ನಾನು ಚೆನ್ನಾಗಿದ್ದೇನೆ. ಡಾಕ್ಟರು ಹೇಳಿದ ಹಾಗೆ ಇಂಜೆಕ್ಷನ್ನೂ ತಪ್ಪಿಸುವುದಿಲ್ಲ, ಬರೀ ಮೊಸರನ್ನು ನಂಬಿ ಕೂರಬೇಡಿ ಎಂದಿದ್ದಾರೆ. ಎಡಗಾಲಿನ ಎರಡು ಬೆರಳಿನಲ್ಲಿ ಜುಮುಜುಮು ಉಳಿದುಬಿಟ್ಟಿದೆ. ತಡಮಾಡಿದ್ದಕ್ಕೆ ದಂಡ ಎಂದುಕೊಂಡಿದ್ದೇನೆ. ಡೇರಿಗೆ ಬರುವ ಹೆಂಗಸರನ್ನು ಈಗ ನೀರಿನ ಬಗ್ಗೆ ಕೇಳುವ ಮೊದಲು ಬೇರೆ ಪ್ರಶ್ನೆ ಕೇಳುತ್ತೇನೆ. "ಮನ್ಯಾಗ ನಿನಗಂತ ಎಷ್ಟ ಇಟ್ಟು ಬಂದಿ?" ಮೊದಮೊದಲು ನಕ್ಕರು. ಕೇಳುತ್ತಾ ಹೋದ ಹಾಗೆ ತಿಳಿಯಿತು, ಗಂಡಸರಿಗೆ, ಮಕ್ಕಳಿಗೆ ಎತ್ತಿಟ್ಟು ಉಳಿದದ್ದನ್ನೆಲ್ಲ ಕ್ಯಾನಿಗೆ ಸುರಿದು, ತಾವು ಕರಿ ಚಹಾ ಕುಡಿಯುವವರು ಎಷ್ಟೊಂದು ಜನ! ಅವರು ಯಾವ ದೇವರಿಗೂ ಹರಕೆ ಹೊತ್ತವರಲ್ಲ. ಅವರಲ್ಲಿ ಇಬ್ಬರನ್ನು ನಾನೇ ಶಿರಸಿಗೆ ಕರೆದುಕೊಂಡು ಹೋಗಿ ರಕ್ತ ನೋಡಿಸಿದ್ದೇನೆ.

ಚಿನ್ನುಗೆ ಈಗ ಎಂಟು ವರ್ಷ. ಅವಳಿಗೆ ಈ ಯಾವುದನ್ನೂ ನಾವು ಹೇಳಿಲ್ಲ, ದೊಡ್ಡವಳಾಗಿ ಇದನ್ನು ಓದಿದರೆ ಓದಲಿ, ಅಷ್ಟರಲ್ಲಿ ಅಜ್ಜಿ ಗಟ್ಟಿಯಾಗಿದ್ದುದನ್ನು ಕಣ್ಣಾರೆ ಕಂಡಿರುತ್ತಾಳೆ. ರಜೆಗೆ ಬಂದಾಗ ದಿನಾ ಬೆಳಿಗ್ಗೆ ಅವಳಿಗೊಂದು ಲೋಟ ಹಾಲು ಕೊಡುತ್ತೇನೆ. ಆ ಹುಡುಗಿಗೆ ಹಾಲು ಕಂಡರಾಗದು. ಮೂಗು ಮುಚ್ಚಿಕೊಂಡು ಅರ್ಧ ಕುಡಿದು, ಅವಳಮ್ಮ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಲೋಟವನ್ನು ನನ್ನ ಕಡೆ ನೂಕುತ್ತಾಳೆ. "ಅಜ್ಜೀ, ಉಳಿದಿದ್ದು ನೀ ಕುಡಿದುಬಿಡು. ಅವ್ವಗ ಹೇಳಬ್ಯಾಡ."

ನಾನು ಯಾರಿಗೂ ಹೇಳದೆ ಕುಡಿದುಬಿಡುತ್ತೇನೆ.